ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಇಬ್ಬರ ದೃಶ್ಯದಲ್ಲಿ ಭಾವ ಹುಟ್ಟಿಸುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಸುತ್ತಲಿನ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಕನ್ನಡದ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳನ್ನು ಭಾನುವಾರಗಳಂದು ಅವರ ಜೊತೆ ಕುಳಿತು ನೋಡುತ್ತೇನೆ. ಕತೆ ಗಟ್ಟಿಯಾಗಿರುತ್ತದೆ. ನಟಿಸಿದವರು ಊರಿನ ಯಕ್ಷಗಾನದಲ್ಲೋ ಇಲ್ಲಿನ ಸಂಘದ ನಾಟಕದಲ್ಲೋ ಪಳಗಿದವರಾಗಿರುತ್ತಾರೆ. ಆದರೂ ಚಿತ್ರ ಮನಸ್ಸಿಗೆ ತಟ್ಟುವುದಿಲ್ಲ. ಕೆಲವರು ಇದ್ದಬದ್ದ ಹಣ ಸೇರಿಸಿ ದುಬಾರಿ ಫೋನ್ ಕೊಂಡು ಅದೇ ದೃಶ್ಯವನ್ನು ಮತ್ತೆ ಚಿತ್ರಿಸಿದ್ದಾರೆ, ಫಲಿತಾಂಶ ಮಾತ್ರ ಬದಲಾಗಿಲ್ಲ. ಅವರ ಆ ನಿರಾಸೆಯನ್ನು ನೋಡಿ ನೋಡಿ ಇದನ್ನು ಬರೆಯಲು ಕುಳಿತಿದ್ದೇನೆ.

ಬಹುತೇಕ ಎಲ್ಲರೂ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ: ಕ್ಯಾಮೆರಾ ಕೆಳಗಿದ್ದರೆ ಅಧಿಕಾರ, ಮೇಲಿದ್ದರೆ ದೈನ್ಯ, ಮುಖದ ಹತ್ತಿರ ಹೋದರೆ ದುಃಖ, ಅಲುಗಾಡಿದರೆ ಆತಂಕ. ದಯವಿಟ್ಟು ಈ ಪಟ್ಟಿಯನ್ನು ಮರೆತುಬಿಡಿ. ಯಾವ ಕೋನಕ್ಕೂ ತನ್ನಷ್ಟಕ್ಕೆ ಅರ್ಥವಿಲ್ಲ. ಅದು ಹಿಂದಿನ ಶಾಟ್‌ಗಿಂತ ಬೇರೆಯಾದಾಗ, ಆ ಬದಲಾವಣೆ ಸರಿಯಾದ ಕ್ಷಣದಲ್ಲಿ ಬಂದಾಗ ಅರ್ಥ ಹುಟ್ಟುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಫೋನ್ ಕೈಗೆ ಬರುವುದು ನಾಲ್ಕನೆಯ ಹಂತದಲ್ಲಿ.

## ಅಭ್ಯಾಸಕ್ಕೆ ಒಂದು ದೃಶ್ಯ

ಡೊಂಬಿವಲಿಯ ಒಂದು ಹಳೆಯ ಕಟ್ಟಡ, ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ. ಕಿಟಕಿಯ ಬಳಿ ಅಮ್ಮ ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಮಗ ಬ್ಯಾಗು ಹೊತ್ತು ಒಳಗೆ ಬರುತ್ತಾನೆ. ಉಡುಪಿ ಕಡೆಯ ಮನೆಯ ಮಾರಾಟ ಮುಗಿಸಿ ಬಂದಿದ್ದಾನೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆಯಿದೆ. ಊರಿನ ಮನೆಯ ಬೀಗದ ಕೈ ಇಷ್ಟು ವರ್ಷ ತೂಗುತ್ತಿದ್ದದ್ದು ಅಲ್ಲಿಯೇ.

"ಕಾಫಿ ಕುಡಿದೆಯಾ?"
"ಠಾಣೆಯಲ್ಲಿ ಚಹಾ ಕುಡಿದೆ."
"ಬೀಗದ ಕೈ?"
"ಅವರಿಗೆ ಕೊಟ್ಟು ಬಂದೆ, ಅಮ್ಮ."

ಅಮ್ಮ ಮತ್ತೆ ಅಕ್ಕಿ ಆರಿಸತೊಡಗುತ್ತಾಳೆ. ದೃಶ್ಯ ಇಷ್ಟೇ. ಅಳುವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಭಾರವನ್ನೆಲ್ಲ ಕ್ಯಾಮೆರಾ ಹೊರಬೇಕು.

## ಬೇಕಾಗುವ ಸಾಮಾನು

ಮ್ಯಾನ್ಯುಯಲ್ ವಿಡಿಯೊ ಸೌಲಭ್ಯ, ಅಂದರೆ ಬೆಳಕು, ಬಣ್ಣ, ಫೋಕಸ್‌ಗಳನ್ನು ನಾವೇ ಹೊಂದಿಸುವ ಅನುಕೂಲ ಇರುವ ಮೊಬೈಲ್ ಬೇಕು. ಇಲ್ಲದಿದ್ದರೆ ಆ ಸೌಲಭ್ಯ ಕೊಡುವ ಆ್ಯಪ್ ಸಾಕು. ಟ್ರೈಪಾಡ್ ಇರಲಿ. ಅದು ನೆಲದ ಮಟ್ಟಕ್ಕೆ ಇಳಿಯದಿದ್ದರೆ ಅಕ್ಕಿ ಡಬ್ಬ, ಮಣೆಗಳು ಆ ಕೆಲಸ ಮಾಡುತ್ತವೆ. ಒಂದು ದೊಡ್ಡ ಥರ್ಮೊಕೋಲ್ ಹಲಗೆ, ತೆಳುವಾದ ಬಿಳಿ ಪಂಚೆ, ಕಪ್ಪು ಬಟ್ಟೆ, ಗೋಡೆಯ ಕನ್ನಡಿ, ನೆಲಕ್ಕೆ ಗುರುತು ಹಾಕಲು ಪೇಪರ್ ಟೇಪ್. ಎಲ್ಲಕ್ಕಿಂತ ಮೊದಲು ಕಾಗದ ಮತ್ತು ಪೆನ್ಸಿಲ್.

## ಹಂತ 1: ತಿರುವನ್ನು ಗುರುತಿಸಿ

ದೃಶ್ಯವನ್ನು ಕಾಗದದ ಮೇಲೆ ಬರೆದುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ತನಗೆ ಅದುವರೆಗೆ ಗೊತ್ತಿಲ್ಲದ್ದು ಒಬ್ಬರಿಗೆ ಗೊತ್ತಾಗುವ ಕ್ಷಣ ಯಾವುದು? ಇಲ್ಲಿ ಅದು "ಕೊಟ್ಟು ಬಂದೆ" ಎಂಬ ಮಾತು ಅಮ್ಮನ ಕಿವಿಗೆ ಬಿದ್ದ ಗಳಿಗೆ. ಆ ಜಾಗದಲ್ಲಿ ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿನದು "ಮೊದಲು", ಕೆಳಗಿನದು "ನಂತರ".

ಈಗ ಗೆರೆಯ ಪಕ್ಕದಲ್ಲಿ, ಅಲ್ಲಿ ಕ್ಯಾಮೆರಾದಲ್ಲಿ ಏನು ಬದಲಾಗುತ್ತದೆ ಎಂದು ಬರೆಯಿರಿ. ದೂರವೋ, ಎತ್ತರವೋ, ಚಲನೆಯೋ, ಯಾವುದಾದರೂ ಒಂದು, ಹೆಚ್ಚೆಂದರೆ ಎರಡು. ಎಲ್ಲವೂ ಒಟ್ಟಿಗೆ ಬದಲಾದರೆ ಪ್ರೇಕ್ಷಕನ ಗಮನ ಅಮ್ಮನನ್ನು ಬಿಟ್ಟು ಕ್ಯಾಮೆರಾದ ಕಡೆಗೆ ಹೋಗುತ್ತದೆ.

ಅಡ್ಡಗೆರೆ ಎಳೆಯಲು ಜಾಗವೇ ಸಿಗದಿದ್ದರೆ ಅದು ಎಚ್ಚರಿಕೆಯ ಮೊದಲ ಗಂಟೆ. ದೋಷ ಬರಹದಲ್ಲಿದೆ, ಅಲ್ಲಿಯೇ ತಿದ್ದಿ.

## ಹಂತ 2: ಯಾರ ಪಕ್ಕದಲ್ಲಿ ನಿಲ್ಲುತ್ತೀರಿ?

ಇಬ್ಬರು ಪರಸ್ಪರ ನೋಡುವ ದೃಷ್ಟಿಯ ನಡುವೆ ಒಂದು ಹಗ್ಗ ಕಟ್ಟಿದೆ ಎಂದುಕೊಳ್ಳಿ. ಒಬ್ಬರನ್ನು ಚಿತ್ರಿಸುವಾಗ ಕ್ಯಾಮೆರಾ ಆ ಹಗ್ಗಕ್ಕೆ ಹತ್ತಿರವಾದಷ್ಟೂ ಅವರ ಎರಡೂ ಕಣ್ಣುಗಳು ನಮಗೆ ಕಾಣುತ್ತವೆ, ನಾವು ಅವರ ಒಳಗಿಗೆ ಸಮೀಪವಾಗುತ್ತೇವೆ. ದೂರ ಸರಿದಷ್ಟೂ ಮುಖದ ಒಂದು ಬದಿ ಮಾತ್ರ ಕಾಣುತ್ತದೆ, ನಾವು ಹೊರಗಿನವರಾಗುತ್ತೇವೆ.

ನಮ್ಮ ದೃಶ್ಯದಲ್ಲಿ ಎರಡು ದಾರಿಗಳಿವೆ. ಮಗನ ಪಕ್ಕದಲ್ಲಿ ನಿಂತರೆ ಸುದ್ದಿ ನಮಗೆ ಮೊದಲೇ ಗೊತ್ತು. ಹೇಗೆ ಹೇಳುತ್ತಾನೋ ಎಂಬ ಅಳುಕು ನಮ್ಮದಾಗುತ್ತದೆ. ಅಮ್ಮನ ಪಕ್ಕದಲ್ಲಿ ನಿಂತರೆ ಅವಳ ಜೊತೆಯಲ್ಲೇ ನಮಗೂ ತಿಳಿಯುತ್ತದೆ. ನಾನು ಅಮ್ಮನನ್ನು ಆರಿಸುತ್ತೇನೆ, ಏಕೆಂದರೆ ಮಾತು ಬೀಳುವುದು ಅವಳ ಮೇಲೆ. ಹಾಗಾದರೆ ಅಮ್ಮನ ಶಾಟ್‌ಗಳಲ್ಲಿ ಕ್ಯಾಮೆರಾ ಹಗ್ಗದ ಪಕ್ಕದಲ್ಲೇ ಇರಬೇಕು. ಮಗನನ್ನು ಅಮ್ಮನ ಭುಜದ ಹಿಂದಿನಿಂದ ನೋಡಬೇಕು.

ಇಬ್ಬರನ್ನೂ ಒಂದೇ ಅಳತೆಯಲ್ಲಿ, ಒಂದೇ ಕೋನದಲ್ಲಿ, ಭುಜದ ಮೇಲಿನಿಂದ ಚಿತ್ರಿಸುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಆಗ ಕ್ಯಾಮೆರಾ ನ್ಯಾಯಾಲಯದ ಗುಮಾಸ್ತನಂತೆ ಇಬ್ಬರ ಹೇಳಿಕೆಯನ್ನೂ ಬರೆದುಕೊಳ್ಳುತ್ತದೆ, ಯಾರ ನೋವಿಗೂ ಪಾಲುದಾರನಾಗುವುದಿಲ್ಲ.

## ಹಂತ 3: ಕೋಣೆಯ ನಕ್ಷೆ, ದಾಟಬಾರದ ಗೆರೆ

ಕೋಣೆಯನ್ನು ಮೇಲಿನಿಂದ ನೋಡಿದಂತೆ ಬರೆಯಿರಿ. ಎಡಕ್ಕೆ ಅಮ್ಮ, ಬಲಕ್ಕೆ ಬಾಗಿಲು, ಬಾಗಿಲ ಪಕ್ಕ ಮೊಳೆ. ಎದುರಿನ ಉದ್ದ ಗೋಡೆಯಲ್ಲಿ ಕಿಟಕಿ. ಅಡುಗೆಮನೆಯ ಕಡೆ ಕ್ಯಾಮೆರಾ. ಅಮ್ಮನಿಂದ ಮಗನವರೆಗೆ ಗೆರೆ ಎಳೆಯಿರಿ. ಎಲ್ಲ ಶಾಟ್‌ಗಳಲ್ಲೂ ಕ್ಯಾಮೆರಾ ಈ ಗೆರೆಯ ಅಡುಗೆಮನೆಯ ಬದಿಯಲ್ಲೇ ಇರಬೇಕು. ಆಗ ಅಮ್ಮ ಸದಾ ಬಲಕ್ಕೆ ನೋಡುತ್ತಾಳೆ, ಮಗ ಸದಾ ಎಡಕ್ಕೆ. ಒಂದು ಶಾಟ್‌ನಲ್ಲಿ ಗೆರೆ ದಾಟಿದರೂ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಮೂರನೆಯವರ ಜೊತೆ ಮಾತಾಡುತ್ತಿರುವಂತೆ ಕಾಣುತ್ತದೆ.

ಸಣ್ಣ ಕೋಣೆಗಳಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಕಪಾಟು ಅಡ್ಡ ಬಂತೆಂದು ಎದುರಿಗೆ ಹೋಗಿ ನಿಲ್ಲುತ್ತೀರಿ, ಅಲ್ಲಿಗೆ ಗೆರೆ ದಾಟಿದಿರಿ. ನೆಲದ ಮೇಲೆ ಪೇಪರ್ ಟೇಪ್‌ನಿಂದ ಗೆರೆ ಎಳೆದುಬಿಡಿ, ಇಡೀ ಕೋಣೆ ಕಾಣುವ ವೈಡ್ ಶಾಟ್ ಹೊತ್ತಿಗೆ ಮಾತ್ರ ಆ ಟೇಪನ್ನು ಕಿತ್ತುಬಿಡಿ. ಇನ್ನೊಂದು ವಿಷಯ: ಒಬ್ಬರದೇ ಎರಡು ಶಾಟ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸುವುದಿದ್ದರೆ ಕೋನದಲ್ಲಿ ಕನಿಷ್ಠ 30 ಡಿಗ್ರಿ ಅಂತರವಿರಲಿ, ಇಲ್ಲವೇ ಅಳತೆಯಲ್ಲಿ ಕಣ್ಣಿಗೆ ಹೊಡೆಯುವ ವ್ಯತ್ಯಾಸವಿರಲಿ. ಇಲ್ಲದಿದ್ದರೆ ಚಿತ್ರ ಎಡವಿದಂತೆ ಕಾಣುತ್ತದೆ.

## ಹಂತ 4: ಫೋನಿನ ಸ್ವಂತ ಬುದ್ಧಿಯನ್ನು ನಿಲ್ಲಿಸಿ

ಫೋನ್ ಪ್ರತಿ ಕ್ಷಣವೂ ಬೆಳಕು, ಬಣ್ಣ, ಫೋಕಸ್ ಸರಿಪಡಿಸುತ್ತಿರುತ್ತದೆ. ಅಮ್ಮ ತಲೆಯೆತ್ತಿದ ಕೂಡಲೇ ಚೌಕಟ್ಟು ಒಮ್ಮೆ ಬೆಳಗಿ ಮಂಕಾದರೆ ಆ ನೋಟ ಹಾಳಾದಂತೆಯೇ. ಹಾಗಾಗಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರನ್ನೂ ಲಾಕ್ ಮಾಡಿ. ಕಿಟಕಿಯ ಹಗಲು ಬೆಳಕಿಗೆ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್ ಆಸುಪಾಸಿನಲ್ಲಿರಲಿ.

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) 25, ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಕಾಲ) ಸೆಕೆಂಡಿನ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಕಾಣುವುದಿಲ್ಲ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಏರಿಳಿಯುತ್ತಿದ್ದರೆ ಶಟರ್ ತಪ್ಪಿದೆ ಎಂದು ಅರ್ಥ. ಚಿತ್ರವನ್ನು 4ಕೆಯಲ್ಲಿ ತೆಗೆದು ಕೊನೆಯಲ್ಲಿ 1080 ಅಳತೆಗೆ ಇಳಿಸಿ. ಉದ್ದ ಅಗಲ ಎರಡೂ ದುಪ್ಪಟ್ಟು ಇರುವುದರಿಂದ ಬೇಕಾದರೆ ಎರಡು ಪಟ್ಟು ಹತ್ತಿರಕ್ಕೆ ಕತ್ತರಿಸಿಕೊಳ್ಳಬಹುದು. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಮೋಡ ನಿಮಿಷಕ್ಕೊಮ್ಮೆ ಬೆಳಕನ್ನು ಬದಲಿಸುತ್ತದೆ. ಆಗ ಲಾಕ್ ತೆಗೆಯುವ ಆಸೆಯಾಗುತ್ತದೆ. ತೆಗೆಯಬೇಡಿ, ಮೋಡ ಸರಿಯಲಿ, ಇನ್ನೊಂದು ಟೇಕ್ ಮಾಡಿ.

## ಹಂತ 5: ಬೆಳಕನ್ನು ಒಂದೇ ಕಡೆಯಿಂದ ತನ್ನಿ

ಮೊದಲು ಟ್ಯೂಬ್‌ಲೈಟ್ ಆರಿಸಿ. ಮೇಲಿನಿಂದ ಎಲ್ಲೆಡೆಗೂ ಸಮನಾಗಿ ಬೀಳುವ ಬೆಳಕಿನಲ್ಲಿ ಮುಖಕ್ಕೆ ಆಳವಿರುವುದಿಲ್ಲ. ಕಿಟಕಿಯ ಗ್ರಿಲ್‌ಗೆ ಬಿಳಿ ಪಂಚೆ ಕಟ್ಟಿ. ನೇರ ಬಿಸಿಲು ಮೆದುವಾಗುತ್ತದೆ, ಎದುರು ಕಟ್ಟಡವೂ ಮರೆಯಾಗುತ್ತದೆ. ನಮ್ಮ ನಕ್ಷೆಯಲ್ಲಿ ಕಿಟಕಿ ಕ್ಯಾಮೆರಾದ ಎದುರು ಬದಿಗಿದೆ. ಹಾಗಾಗಿ ಅಮ್ಮನ ಮುಖದ ಆಚೆ ಬದಿ ಬೆಳಗಿ, ನಮ್ಮ ಕಡೆಯ ಕೆನ್ನೆ ನೆರಳಿನಲ್ಲಿರುತ್ತದೆ. ಇದನ್ನು ಉಳಿಸಿಕೊಳ್ಳಿ. ನೆರಳು ತೀರಾ ಕಪ್ಪಾದರೆ ಥರ್ಮೊಕೋಲ್ ಹಲಗೆಯನ್ನು ಮೂರ್ನಾಲ್ಕು ಅಡಿ ದೂರದಲ್ಲಿ ಹಿಡಿಯಿರಿ. ಇನ್ನಷ್ಟು ಭಾರ ಬೇಕೆಂದರೆ ಹಲಗೆಯ ಬದಲು ಕಪ್ಪು ಬಟ್ಟೆ ಹಿಡಿಯಿರಿ. ಎರಡನ್ನೂ ಮಾಡಿ ನೋಡಿ, ಒಂದೇ ಮುಖ ಎರಡು ಕತೆ ಹೇಳುತ್ತದೆ.

ಸಾಲುಮನೆಗಳ ಚಾಳಿನ ಒಳಗಿನ ಕೋಣೆಗೆ ಬೆಳಕೇ ಬರದಿದ್ದರೆ ಕನ್ನಡಿ ಬಳಸಿ. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು 1959ರ 'ಕಾಗಜ್ ಕೆ ಫೂಲ್' ಚಿತ್ರದ ಬೆಳಕಿನ ಕೋಲನ್ನು ಇದೇ ಮುಂಬಯಿಯಲ್ಲಿ ಮೂಡಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಿರುಗಿಸಿ. ನೀವೂ ಹೊರಗೊಂದು ಕನ್ನಡಿಯಿಟ್ಟು ಬಿಸಿಲನ್ನು ಒಳಗಿನ ಥರ್ಮೊಕೋಲ್‌ಗೆ ಬೀಳಿಸಿ, ಅಲ್ಲಿಂದ ಮುಖಕ್ಕೆ. ಸೂರ್ಯ ಸರಿದಂತೆ ಬೆಳಕೂ ಜಾರುತ್ತದೆ. ಕನ್ನಡಿಯ ಬಳಿ ಒಬ್ಬರು ನಿಂತು ಪ್ರತಿ ಟೇಕ್‌ಗೂ ಸರಿಪಡಿಸಬೇಕು.

## ಹಂತ 6: ದೂರ ಮೊದಲು, ಲೆನ್ಸ್ ಆಮೇಲೆ

ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

ಹಲವು ಫೋನುಗಳ ಮುಖ್ಯ ಲೆನ್ಸ್ 24ರಿಂದ 26 ಮಿಲಿಮೀಟರ್‌ಗೆ ಸಮನಾದದ್ದು, ಅಂದರೆ ವೈಡ್, ಅಗಲ ನೋಟದ್ದು. ಕ್ಲೋಸ್ ಅಪ್ ಬೇಕೆಂದು ಅದನ್ನೇ ಹಿಡಿದು ಮುಖದಿಂದ ಒಂದಡಿಗೆ ಹೋದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ದುಃಖದ ಮುಖ ವಿಕಾರವಾಗುತ್ತದೆ. ಮುಖದ ರೂಪವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ದೂರ. ಲೆನ್ಸ್ ಆ ನೋಟದಲ್ಲಿ ಎಷ್ಟನ್ನು ಚೌಕಟ್ಟಿಗೆ ತರಬೇಕೆಂದು ಮಾತ್ರ ಹೇಳುತ್ತದೆ. ಆದ್ದರಿಂದ ಐದು ಅಡಿ ಹಿಂದೆ ಸರಿದು ಎರಡು ಪಟ್ಟು (2x) ಅಥವಾ ಮೂರು ಪಟ್ಟು (3x) ಲೆನ್ಸ್ ಬಳಸಿ. ಒಂದು ಎಚ್ಚರಿಕೆ: ಬೆಳಕು ಕಡಿಮೆಯಿದ್ದರೆ ಕೆಲವು ಫೋನುಗಳು ಸದ್ದಿಲ್ಲದೆ ಮುಖ್ಯ ಲೆನ್ಸಿಗೆ ಮರಳಿ ಚಿತ್ರವನ್ನು ಹಿಗ್ಗಿಸಿ ಕೊಡುತ್ತವೆ. ದೂರದ ಲೆನ್ಸನ್ನು ಬೆರಳಿನಿಂದ ಮುಚ್ಚಿ ನೋಡಿ. ಪರದೆ ಕಪ್ಪಾಗದಿದ್ದರೆ ನೀವು ಆ ಲೆನ್ಸಿನಲ್ಲಿ ಚಿತ್ರಿಸುತ್ತಿಲ್ಲ.

ಈಗ ಅಳತೆಗಳ ಹಂಚಿಕೆ. ಅಡ್ಡಗೆರೆಯ ಮೇಲಿನ ಭಾಗದಲ್ಲಿ, ಆರಂಭದ ಒಂದು ವೈಡ್ ಶಾಟ್ ಬಿಟ್ಟರೆ, ಇಬ್ಬರೂ ಸೊಂಟದಿಂದ ಮೇಲಕ್ಕೆ ಕಾಣುವ ಮಿಡ್ ಶಾಟ್‌ಗಳಲ್ಲೇ ಇರಲಿ. ಮೊರ, ಅಕ್ಕಿ, ಅಮ್ಮನ ಬೆರಳುಗಳು ಕಾಣಲಿ. ಮಗನ ಶಾಟ್‌ನಲ್ಲಿ ಅವನ ಭುಜದ ಹಿಂದೆ ಬರಿದಾದ ಮೊಳೆ ಇರಲಿ. ಯಾರೂ ಅದನ್ನು ಗಮನಿಸುವುದಿಲ್ಲ, ಗಮನಿಸಲೂಬಾರದು. "ಕೊಟ್ಟು ಬಂದೆ" ಎಂದ ಮೇಲೆ ಅಮ್ಮನ ಮುಖದ ಕ್ಲೋಸ್ ಅಪ್ ಬರಲಿ. ಇಡೀ ದೃಶ್ಯದಲ್ಲಿ ಅದೊಂದೇ ಕ್ಲೋಸ್ ಅಪ್. ನೀವು "ಕಾಫಿ ಕುಡಿದೆಯಾ" ಎಂಬಲ್ಲೇ ಅವಳ ಮುಖದ ಹತ್ತಿರ ಹೋಗಿದ್ದರೆ, ತಿರುವಿನ ಹೊತ್ತಿಗೆ ಹೋಗಲು ನಿಮಗೆ ಜಾಗವೇ ಉಳಿದಿರುವುದಿಲ್ಲ. ನೋಡಿದ ಹತ್ತರಲ್ಲಿ ಎಂಟು ಚಿತ್ರಗಳಿಗಾದರೂ ನಾನು ಹೇಳಿದ್ದು ಇದೇ ಮಾತು.

ಅದಾದ ಮೇಲೆ ಮತ್ತೆ ವೈಡ್. ಕೋಣೆಯಲ್ಲಿ ಇಬ್ಬರು, ನಡುವೆ ಬರಿ ನೆಲ. ಮೊದಲ ಶಾಟ್ ತೆಗೆದ ಜಾಗದಿಂದಲೇ ಇದನ್ನೂ ತೆಗೆಯಿರಿ. ಚೌಕಟ್ಟು ಅದೇ, ಆದರೆ ಪ್ರೇಕ್ಷಕ ಈಗ ಹಿಂದಿನವನಲ್ಲ.

ಅಮ್ಮನ ನೋಟ ಬಲಕ್ಕಿರುವುದರಿಂದ ಚೌಕಟ್ಟಿನಲ್ಲಿ ಬಲಕ್ಕೆ ಜಾಗ ಬಿಡಿ. ಹಿನ್ನೆಲೆಯನ್ನು ಮಸುಕು ಮಾಡುವ ಕೃತಕ ಸೌಲಭ್ಯವನ್ನು ಬಳಸಬೇಡಿ. ಕೂದಲ ಅಂಚು ಕರಗಿದಂತಾಗುತ್ತದೆ, ಮುಖ್ಯವಾಗಿ ಮೊಳೆ ಕಾಣದೆ ಹೋಗುತ್ತದೆ.

## ಹಂತ 7: ಎತ್ತರ

ಅಮ್ಮ ನೆಲದ ಮೇಲಿದ್ದಾಳೆ. ನೀವು ನಿಂತುಕೊಂಡು ಚಿತ್ರಿಸಿದರೆ ಪ್ರತಿ ಶಾಟ್‌ನಲ್ಲೂ ಅವಳನ್ನು ಮೇಲಿನಿಂದ ನೋಡುತ್ತೀರಿ, ಬೇಡದಿದ್ದರೂ ಅವಳು ಪಾಪದವಳಾಗಿಬಿಡುತ್ತಾಳೆ. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಅವಳ ಕಣ್ಣಿನ ಮಟ್ಟಕ್ಕೆ ತನ್ನಿ. ಚಾಪೆಯ ಮೇಲೆ ಕೂರುವವರ ಮನೆಗಳನ್ನು ಚಿತ್ರಿಸಿದ ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರು ಕ್ಯಾಮೆರಾವನ್ನು ಅದಕ್ಕೂ ಕೆಳಗೆ ಇಡುತ್ತಿದ್ದರು. ನಮ್ಮ ನೆಲದ ಬದುಕಿಗೂ ಅದು ಚೆನ್ನಾಗಿ ಒಗ್ಗುತ್ತದೆ.

ಮಗನನ್ನೂ ಅದೇ ಎತ್ತರದಿಂದ ನೋಡಿ. ನಿಂತ ಅವನು ದೊಡ್ಡದಾಗಿ ಕಾಣುತ್ತಾನೆ, ಅದು ಅಮ್ಮ ಅವನನ್ನು ಕಾಣುವ ರೀತಿ. ಮಾತು ಹೇಳಿದ ಮೇಲೆ ಅವನು ಬ್ಯಾಗಿಳಿಸಿ ಬಾಗಿಲ ಬಳಿಯೇ ನೆಲಕ್ಕೆ ಕುಳಿತರೆ, ಕ್ಯಾಮೆರಾ ಕದಲದೆಯೇ ಕೋನ ಬದಲಾಗುತ್ತದೆ.

## ಹಂತ 8: ಚಲನೆಗೆ ಕಾರಣ ಬೇಕು

ಜೂಮ್ ಮತ್ತು ಕ್ಯಾಮೆರಾ ಮುಂದೆ ಸಾಗುವುದು ಒಂದೇ ಎಂದು ಬಹಳ ಜನ ಭಾವಿಸಿದ್ದಾರೆ. ಜೂಮ್ ಇಡೀ ಚಿತ್ರವನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಕ್ಯಾಮೆರಾ ಸಾಗಿದರೆ ಹತ್ತಿರದ ವಸ್ತು ಬೇಗ, ದೂರದ್ದು ನಿಧಾನವಾಗಿ ಬೆಳೆಯುತ್ತದೆ, ನಾವೇ ನಡೆದು ಹೋದಂತೆ ಅನಿಸುತ್ತದೆ. ನಿರ್ದೇಶಕ ಹಿಚ್‌ಕಾಕ್ ಅವರ 1958ರ 'ವರ್ಟಿಗೊ'ದಲ್ಲಿ ಇವೆರಡನ್ನೂ ವಿರುದ್ಧ ದಿಕ್ಕಿಗೆ ಒಟ್ಟಿಗೆ ಮಾಡಿದ್ದರಿಂದಲೇ ತಲೆಸುತ್ತು ಕಣ್ಣಿಗೆ ಕಂಡಿತು.

ಕ್ಲೋಸ್ ಅಪ್‌ಗೆ ಕಟ್ ಮಾಡುವ ಬದಲು ಅಮ್ಮನ ಕಡೆಗೆ ನಿಧಾನವಾಗಿ ಸಾಗಬೇಕೆಂದರೆ ಟೈಲ್ಸ್ ನೆಲದ ಮೇಲೆ ಮಡಿಸಿದ ಚಾದರ ಹಾಸಿ, ಅದರ ಮೇಲೆ ಮಣೆ, ಮಣೆಯ ಮೇಲೆ ಫೋನ್ ಇಡಿ. ಒಬ್ಬರು ಚಾದರವನ್ನು ಎಳೆಯಲಿ, ಹತ್ತು ಸೆಕೆಂಡಿಗೆ ಒಂದಡಿಯಷ್ಟು. ಫೋಕಸ್ ಲಾಕ್ ಆಗಿರುವುದರಿಂದ ಚಲನೆ ನಿಲ್ಲುವ ಜಾಗದಲ್ಲಿ ಮುಖ ಸ್ಪಷ್ಟವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಚಲನೆ ಆರಂಭವಾಗುವ ಗಳಿಗೆ ಬಹಳ ಸೂಕ್ಷ್ಮ. ಮಗ ಬಾಯಿ ತೆರೆಯುವ ಮೊದಲೇ ಹೊರಟರೆ ಕ್ಯಾಮೆರಾಗೆ ಸುದ್ದಿ ಮುಂಚೆಯೇ ಗೊತ್ತಿದ್ದಂತಾಗುತ್ತದೆ, ಅಮ್ಮ ಒಬ್ಬಳೇ ಹಿಂದುಳಿಯುತ್ತಾಳೆ. ಮಾತು ಮುಗಿದು, ಅವಳ ಬೆರಳು ನಿಂತ ಮೇಲೆ ಹೊರಡಿ.

ಪ್ಯಾನ್ ಮಾಡುವುದಾದರೆ, ಅಂದರೆ ಕ್ಯಾಮೆರಾವನ್ನು ಇದ್ದಲ್ಲೇ ಪಕ್ಕಕ್ಕೆ ತಿರುಗಿಸುವುದಾದರೆ, ಚೌಕಟ್ಟಿನ ಒಂದು ಅಂಚಿನ ವಸ್ತು ಇನ್ನೊಂದು ಅಂಚು ತಲುಪಲು ಏಳು ಸೆಕೆಂಡಾದರೂ ಹಿಡಿಯಲಿ, ಇಲ್ಲದಿದ್ದರೆ ಚಿತ್ರ ತಡವರಿಸುತ್ತದೆ. ಫೋನ್ ಕೈಯಲ್ಲಿ ಹಿಡಿದು ತೆಗೆಯುವುದು ತಪ್ಪಲ್ಲ. ಅದರ ಹಿಂದಿನ ಶಾಟ್‌ಗಳು ಸ್ಥಿರವಾಗಿದ್ದರೆ ಮಾತ್ರ ಆ ಸಣ್ಣ ಕಂಪನಕ್ಕೆ ಬೆಲೆ.

## ಹಂತ 9: ಚಿತ್ರಿಸುವ ಕ್ರಮ ಮತ್ತು ಮೊಳೆಯ ಶಾಟ್

ವೈಡ್ ಶಾಟನ್ನು ಮೊದಲು ಇಡಿಯಾಗಿ ಒಮ್ಮೆ ತೆಗೆಯಿರಿ. ಮೊರದಲ್ಲಿ ಅಕ್ಕಿ ಎಷ್ಟಿದೆ, ಸೆರಗು ಯಾವ ಭುಜದ ಮೇಲಿದೆ ಎಂಬುದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ನೇರವಾಗಿ ಅಮ್ಮನ ಕ್ಲೋಸ್ ಅಪ್‌ಗೆ ಹೋಗಿ. ವೃತ್ತಿನಿರತರಲ್ಲದ ನಟರ ಮುಖ ಮಧ್ಯಾಹ್ನದ ಹೊತ್ತಿಗೆ ಬಳಲಿರುತ್ತದೆ, ಮುಖ್ಯವಾದದ್ದನ್ನು ಕೊನೆಗೆ ಇಡಬೇಡಿ. ಬಳಿಕ ಒಂದೇ ದಿಕ್ಕಿಗೆ ಮುಖ ಮಾಡಿದ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ.

ಅಮ್ಮನ ಶಾಟ್ ನಡೆಯುವಾಗ ಮಗನ ಪಾತ್ರಧಾರಿ ತನ್ನ ಜಾಗದಲ್ಲೇ ನಿಂತು ಮಾತು ಹೇಳಬೇಕು. ಫೋನ್ ಹಿಡಿದವರು ಹೇಳಿಕೊಟ್ಟರೆ ಅವಳ ನೋಟ ಸುಳ್ಳಾಗುತ್ತದೆ. ಮಾತು ಮುಗಿದ ಕೂಡಲೇ "ಕಟ್" ಎನ್ನಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನನ್ನ ಅನುಭವದಲ್ಲಿ ಅತ್ಯುತ್ತಮ ನೋಟಗಳು ಸಿಕ್ಕಿದ್ದು ಆ ಹತ್ತು ಎಣಿಕೆಗಳಲ್ಲೇ.

ಮೊಳೆಯ ಶಾಟನ್ನು ಮರೆಯಬೇಡಿ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿ ಜೋಡಿಸಿ, ಪಕ್ಕದ ಚಿತ್ರ ಬದಲಾದಂತೆ ನೋಡುವವರು ಆ ಮುಖದಲ್ಲಿ ಬೇರೆ ಬೇರೆ ಭಾವ ಕಾಣುತ್ತಾರೆಂದು ತೋರಿಸಿದರು. ನಮ್ಮಲ್ಲೂ ಹಾಗೆಯೇ. ಅಮ್ಮನ ಕಣ್ಣು ಮಗನ ಮುಖದಿಂದ ಸ್ವಲ್ಪ ಪಕ್ಕಕ್ಕೆ ಸರಿಯಲಿ, ಕಟ್, ಬರಿ ಮೊಳೆ. ಅವಳು ಹುಬ್ಬನ್ನೂ ಗಂಟಿಕ್ಕಬೇಕಾಗಿಲ್ಲ. ಮೊಳೆಯನ್ನು ಅವಳು ಕುಳಿತ ಜಾಗದಿಂದ, ಅವಳ ಕಣ್ಣಿನ ಎತ್ತರದಿಂದಲೇ ತೆಗೆಯಿರಿ. ಎದುರಿಗೆ ಹೋಗಿ ಅಂದವಾಗಿ ತೆಗೆದರೆ ಅದು ಯಾರ ನೋಟವೂ ಆಗುವುದಿಲ್ಲ.

ಮಗ ರೈಲಿನಿಂದ ಇಳಿಯುವ ಶಾಟ್ ಬೇಕೆಂದು ಹಲವರು ಹಟ ಹಿಡಿಯುತ್ತಾರೆ. ನಿಲ್ದಾಣದಲ್ಲಿ ಚಿತ್ರೀಕರಣಕ್ಕೆ ರೈಲ್ವೆಯ ಮುಂಗಡ ಅನುಮತಿ ಬೇಕು. ಈ ದೃಶ್ಯಕ್ಕೆ ಆ ಶಾಟ್ ಅಗತ್ಯವೂ ಇಲ್ಲ, ಬ್ಯಾಗಿನ ಧೂಳು ಸಾಕು.

## ಹಂತ 10: ಸದ್ದು ಮುಚ್ಚಿ ಪರೀಕ್ಷಿಸಿ

ಶಾಟ್‌ಗಳನ್ನು ಜೋಡಿಸಿದ ಮೇಲೆ ಧ್ವನಿಯನ್ನು ಪೂರ್ತಿ ಆರಿಸಿ, ಕನ್ನಡ ತಿಳಿಯದ ನೆರೆಯ ಮರಾಠಿ ಮನೆಯವರಿಗೆ ತೋರಿಸಿ. ಎರಡೇ ಪ್ರಶ್ನೆ ಕೇಳಿ: ಯಾರಿಗೆ ನೋವಾಯಿತು? ಯಾವಾಗ?

"ಆರಂಭದಿಂದಲೇ ದುಃಖದಲ್ಲಿದ್ದಾರೆ" ಎಂದರೆ ತಿರುವಿಗೆ ಮೊದಲೇ ಎಲ್ಲೋ ಹತ್ತಿರ ಹೋಗಿದ್ದೀರಿ ಅಥವಾ ಚಲನೆ ಬೇಗ ಹೊರಟಿದೆ. "ಮಗನಿಗೆ" ಎಂದರೆ ಎರಡನೆಯ ಹಂತ ತಪ್ಪಿದೆ, ಅವನ ಶಾಟ್‌ಗಳನ್ನು ಅಳೆದು ನೋಡಿ, ಅಮ್ಮನದಕ್ಕಿಂತ ದೊಡ್ಡದಾಗಿರುತ್ತವೆ. "ಏನೋ ಆಯಿತು, ಏನೆಂದು ತಿಳಿಯಲಿಲ್ಲ" ಎಂದರೆ ಮೊಳೆಯ ಶಾಟ್ ಚಿಕ್ಕದಾಗಿದೆ, ಇಲ್ಲವೇ ಮೊದಲು ಮಗನ ಹಿಂದೆ ಅದು ಕಂಡಿಲ್ಲ.

ಸರಿಪಡಿಸುವಾಗ ಮೊದಲು ಶಾಟ್‌ಗಳ ಉದ್ದ ಕತ್ತರಿಸಿ ನೋಡಿ. ಅದು ಸಾಲದಿದ್ದರೆ 4ಕೆಯಿಂದ ಅಳತೆ ಬದಲಿಸಿ. ಅದೂ ಸಾಲದಿದ್ದರೆ ತಪ್ಪಿದ ಒಂದೇ ಶಾಟನ್ನು, ಅದೇ ಹೊತ್ತಿನ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಅದಕ್ಕಾಗಿ ನಟರು, ಡಬ್ಬ, ಟ್ರೈಪಾಡ್ ಇದ್ದ ಜಾಗಗಳ ಗುರುತನ್ನು ಎಡಿಟಿಂಗ್ ಮುಗಿಯುವವರೆಗೆ ನೆಲದಿಂದ ಕೀಳಬೇಡಿ. ಅಮ್ಮ ಉಟ್ಟ ಸೀರೆ, ಆ ಮೊರ, ಆ ಹಿಡಿ ಅಕ್ಕಿ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಡಿ.